ಒಣಗದ ಬಿದಿರು

ಮನೆಯಿಂದ, ಮುಂದಿನ ಕೋಣೆಯ ಕಿಟಕಿಯ ಹತ್ತಿರ
ಮಾರ್ಚ್ ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಕಡ್ಡಿ,

ಮೂವತ್ತಾರು ತುಂಬಿದ ಗಂಡಸನ್ನು ಕಡ್ಡಿ ಅಂತ ಕೂಗಬೇಡ ಎಂದು ನೀನು ಎಷ್ಟೋ ಸಲ ಜಗಳ ತೆಗೆದಿದ್ದೀಯ. ಆದರೆ ನಿನ್ನ ಸರಿಯಾದ ಹೆಸರು ಬರೆದು ಶುರು ಮಾಡಿದರೆ ಯಾವುದೋ ಕಚೇರಿಗೆ ಅರ್ಜಿ ಗುಜರಾಯಿಸಿದ ಹಾಗೆ ಕಾಣುತ್ತದೆ. ಹಾಗೆ ಬರೆದ ಎರಡು ಹಾಳೆಗಳನ್ನು ಹರಿದುಹಾಕಿದೆ. ಹೇಗಿದ್ದೀಯ? ಬಲಗಾಲಿನ ಮಂಡಿ ಈಗಲೂ ಚಳಿಗೆ ಹಿಡಿದುಕೊಳ್ಳುತ್ತದೆಯೇ? ನೀನು ಮರದ ಡಿಪೋದಲ್ಲಿ ಹಲಗೆ ಹೊರುವ ಕೆಲಸಕ್ಕೆ ಸೇರಿದ್ದೀಯ, ಅಲ್ಲೇ ಹಿಂದಿನ ಶೆಡ್ಡಿನಲ್ಲಿ ಮಲಗುತ್ತೀಯ ಎಂದು ಲಾರಿಯವನು ಹೇಳಿದ. ವಿಳಾಸ ಕೊಟ್ಟವನೂ ಅವನೇ. ಅವನ ಮೇಲೆ ರೇಗಬೇಡ. ಮೂರು ಸಲ ಗೊತ್ತಿಲ್ಲ ಎಂದ, ನಾಲ್ಕನೆಯ ಸಲ ನಾನು ಅವನ ಲಾರಿಯ ಮೆಟ್ಟಿಲ ಮೇಲೆ ಸುಮ್ಮನೆ ಕೂತುಬಿಟ್ಟೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಂತುಕೊಂಡು ತಿನ್ನಬೇಡ. ಎಂಟು ತಿಂಗಳಿಂದ ನಾನೂ ನಿಂತುಕೊಂಡೇ ತಿನ್ನುತ್ತಿದ್ದೇನೆ, ಆದರೂ ಅಕ್ಕ ಆದಮೇಲೆ ಹೇಳಬೇಕಲ್ಲ.

ನಾವಿಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿ ಎಂದರೆ, ಅಪ್ಪನ ರಕ್ತದೊತ್ತಡ ಹತೋಟಿಯಲ್ಲಿದೆ, ನನ್ನ ಕೆಮ್ಮು ಹೋಗಿದೆ. ಅಡುಗೆಮನೆಯ ನಾಲ್ಕು ಗೋಡೆಗಳು ಹಾಗೇ ನಿಂತಿವೆ, ಮೇಲೆ ತಗಡು ಹೊದಿಸಿದ್ದೇವೆ. ಅಲ್ಲಿ ಅಡುಗೆ ಮಾಡುವುದಿಲ್ಲ. ಒಲೆಯನ್ನು ಮುಂದಿನ ಕೋಣೆಯ ಮೂಲೆಗೆ ತಂದುಕೊಂಡಿದ್ದೇವೆ. ಅಪ್ಪ ಅಡುಗೆ ಕಲಿತಿದ್ದಾರೆ, ಉಪ್ಪು ಹಾಕುವಾಗ ಮಾತ್ರ ಈಗಲೂ ಗಾರೆ ಬಾಣಲಿಯಲ್ಲಿ ಮರಳು ಎತ್ತಿ ಸುರಿದ ಹಾಗೆ ಸುರಿಯುತ್ತಾರೆ. ಇಂಥ ತಮಾಷೆ ಮಾಡುವುದು ಅಮ್ಮನ ಕೆಲಸವಾಗಿತ್ತು. ನಾನು ಮಾಡಿದಾಗ ಅಪ್ಪ ನಗಲಿಲ್ಲ, ನಾನೂ ನಗಲಿಲ್ಲ. ಕಡ್ಡಿ, ನನಗೆ ಏನೂ ಅನ್ನಿಸುತ್ತಿಲ್ಲ. ಹೋದ ತಿಂಗಳು ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ಬಡಿದು ಉಗುರು ಎದ್ದು ಬಂದಿತ್ತು. ನೆಲದ ಮೇಲೆ ರಕ್ತದ ಹೆಜ್ಜೆ ಕಂಡಮೇಲೆ ಯಾರದಪ್ಪಾ ಇದು ಎಂದು ಹುಡುಕಿದೆ. ಅಷ್ಟು. ಡಾಕ್ಟರ ಹತ್ತಿರ ಹೋಗುವಂಥದ್ದೇನಲ್ಲ. ಕೆಲಸ ಮಾಡುತ್ತೇನೆ, ಮಲಗುತ್ತೇನೆ, ಏಳುತ್ತೇನೆ. ಹಾಗಾಗಿ ಈ ಕಾಗದವೂ ಸ್ವಲ್ಪ ಒಣಗಿದ ಹಾಗೆ ಇದ್ದರೆ ಅಕ್ಕನ ಮನಸ್ಸು ಕಲ್ಲಾಯಿತು ಅಂದುಕೊಳ್ಳಬೇಡ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ಕ್ರಮದಲ್ಲಿ ಬರೆದರೆ ಮುಂದಿನ ಸಾಲು ತಾನಾಗಿ ಸಿಗುತ್ತದೆ ಎಂದು ಕಂಡುಕೊಂಡಿದ್ದೇನೆ.

ಆ ದಿನದ್ದು ನಿನಗೆ ಗೊತ್ತು. ನನಗೆ ಗೊತ್ತಿರುವಷ್ಟನ್ನು ಬರೆಯುತ್ತೇನೆ, ಏಕೆಂದರೆ ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿಕೊಂಡಿಲ್ಲ. ಬೆಳಗ್ಗೆ ಹತ್ತೂಕಾಲಿಗೆ ಲ್ಯಾಬಿಗೆ ಫೋನ್ ಬಂತು. ನಾನು ಯಾವುದೋ ಸೇತುವೆಯ ಕಾಂಕ್ರೀಟಿನ ಗಟ್ಟಿ ಎಷ್ಟು ಭಾರ ತಡೆಯುತ್ತದೆಂದು ಅದನ್ನು ಯಂತ್ರದಲ್ಲಿ ಇಟ್ಟು ಒತ್ತುತ್ತಿದ್ದೆ. ಅಡುಗೆಮನೆ ಚಾವಣಿ ಬಿತ್ತು, ಅಮ್ಮ ಒಳಗಿದ್ದಳು ಎಂದು ಪಕ್ಕದ ಮನೆಯವರು ಹೇಳಿದರು. ನಾನು ಸರಿ ಎಂದೆ. ಗಟ್ಟಿ ಒಡೆಯುವವರೆಗೆ ನಿಂತು, ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದು, ಸಹಿ ಹಾಕಿ ಹೊರಟೆ. ಆ ಪುಟ ಈಗಲೂ ಇದೆ, ಅಕ್ಷರ ಒಂದಿಷ್ಟೂ ಸೊಟ್ಟಗಿಲ್ಲ. ನಾನು ಬರುವಷ್ಟರಲ್ಲಿ ನೀನು ಬರಿಗೈಯಲ್ಲಿ ಬಗೆದು ಬಗೆದು ಅಮ್ಮನನ್ನು ಹೊರಗೆ ತೆಗೆದಿದ್ದೆ. ನಿನ್ನ ಉಗುರುಗಳಲ್ಲಿ ಸುಣ್ಣ ಇತ್ತು. ಅಂಗಳದಲ್ಲಿ ಕಟ್ಟಡ ಕಚೇರಿಯವನು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ನಿಂತಿದ್ದ. "ಕಟ್ಟಿದ್ದು ಯಾರು?" ಎಂದು ಕೇಳಿದ. ಅಪ್ಪ ಒಂದು ಕೆನ್ನೆಗೆ ಸೋಪು ಹಚ್ಚಿಕೊಂಡ ಹಾಗೇ ಇದ್ದರು. "ಮಗ ಕಟ್ಟಿದ್ದು" ಎಂದರು. ನೀನು ತಲೆ ಎತ್ತಿ ಅವರನ್ನು ನೋಡಿದೆ, ಆಮೇಲೆ ಕಚೇರಿಯವನ ಕಡೆ ತಿರುಗಿ "ಹೌದು, ನಾನೇ" ಎಂದೆ. ಮುಂದಿನ ವಾರ ಹೊರಟುಹೋದೆ. ಬಾಗಿಲ ಹತ್ತಿರ ನಾನು ತಡೆದಾಗ "ಅಮ್ಮನ್ನ ಕೊಂದ ಕೈಯಿಂದ ಈ ಮನೇಲಿ ಹೇಗೆ ಉಣ್ಲಿ ಅಕ್ಕಾ" ಎಂದೆಯಲ್ಲ. ನಾನು ನಿನ್ನ ಚೀಲದ ಜಿಪ್ಪು ಎಳೆದು ಮುಚ್ಚಿದೆ, ಅಷ್ಟೇ ಮಾಡಿದ್ದು.

ಬಿದ್ದ ಚಾವಣಿಯ ಮೂರು ತುಂಡುಗಳನ್ನು ಪರೀಕ್ಷೆಗೆಂದು ಕಚೇರಿಯವರು ನಮ್ಮ ಲ್ಯಾಬಿಗೇ ಕಳಿಸಿದರು. ಈ ಸುತ್ತಿಗೆಲ್ಲ ಇರುವುದು ಇದೊಂದೇ ಲ್ಯಾಬು, ಇನ್ನೆಲ್ಲಿಗೆ ಕಳಿಸುತ್ತಾರೆ? ನಮ್ಮ ಮುಖ್ಯಸ್ಥರು ಒಳ್ಳೆಯವರು. "ನೀವು ಇದರ ಹತ್ತಿರ ಬರಬೇಡಿ, ಬೇರೆಯವರ ಕೈಲಿ ಮಾಡಿಸ್ತೀನಿ" ಎಂದರು. ಬೇರೆಯವರು ಎಂದರೆ ಒಬ್ಬಳೇ, ಅವಳು ಹೆರಿಗೆ ರಜೆಯ ಮೇಲೆ ಹೋದಳು. ತುಂಡುಗಳು ಏಳು ತಿಂಗಳು ಹಿತ್ತಲಿನಲ್ಲಿ ಗೋಣಿಚೀಲದ ಕೆಳಗೆ ಬಿದ್ದಿದ್ದವು. ದಿನಾ ಕೈ ತೊಳೆಯಲು ಅವುಗಳ ಪಕ್ಕದಲ್ಲೇ ಹೋಗಬೇಕು. ಮೊದಮೊದಲು ಸುತ್ತು ಹಾಕಿ ಹೋಗುತ್ತಿದ್ದೆ, ಆಮೇಲೆ ಅದನ್ನೂ ಬಿಟ್ಟೆ. ಫೆಬ್ರುವರಿ ಮೊದಲ ವಾರ ನಾನೇ ಮುಖ್ಯಸ್ಥರ ಮೇಜಿನ ಮುಂದೆ ನಿಂತು, ನಾನೇ ಕತ್ತರಿಸುತ್ತೇನೆ, ನೀವು ಪಕ್ಕದಲ್ಲಿ ನಿಂತು ನೋಡಿ, ವರದಿಗೆ ನೀವೇ ಸಹಿ ಹಾಕಿ ಎಂದೆ. "ನಿಮ್ಮಿಂದ ಆಗತ್ತಾ?" ಎಂದರು. "ಆಗತ್ತೆ ಸಾರ್" ಎಂದೆ. ಆಯಿತು ಕೂಡ. ಮೊದಲ ತುಂಡಿನಲ್ಲಿ ಅಮ್ಮ ಈರುಳ್ಳಿ ಬುಟ್ಟಿ ನೇತುಹಾಕುತ್ತಿದ್ದ ಕೊಕ್ಕೆ ಇತ್ತು. ಗರಗಸದ ಹಲ್ಲಿಗೆ ಸಿಗುತ್ತದೆಂದು ಅದನ್ನು ಮೊದಲೇ ಕೊಯ್ದು ತೆಗೆದಿಟ್ಟೆ.

ಬಿದಿರಿನ ವಿಷಯ ನಿನಗೆ ನಾನು ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ನಾನು ಕಂಡದ್ದನ್ನು ಹೇಳಲೇಬೇಕು. ಕಾಂಕ್ರೀಟು ಎಷ್ಟು ಒತ್ತಿದರೂ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ, ಅದಕ್ಕೇ ಒಳಗೆ ಕಬ್ಬಿಣದ ಸರಳು. ಸರಳು ಕೈಗೆಟುಕದವರ ಮನೆಗೆ ಅಪ್ಪ ಬಿದಿರಿನ ಸೀಳು ಹಾಕುತ್ತಿದ್ದರು. ಊರೆಲ್ಲ ಅವರನ್ನು ಬಿದಿರು ಮೇಸ್ತ್ರಿ ಎಂದದ್ದು ಸುಮ್ಮನೆ ಅಲ್ಲ. ಮೂರು ವರ್ಷ ಬಲಿತ ಬಿದಿರೇ ಆಗಬೇಕು, ಕಡಿದು ಎರಡು ತಿಂಗಳು ನೆರಳಿನಲ್ಲಿ ನಿಲ್ಲಿಸಬೇಕು, ಆಮೇಲೆ ಡಾಂಬರು ಬಳಿದು, ಅದು ಆರುವ ಮುಂಚೆ ಮರಳಲ್ಲಿ ಹೊರಳಿಸಬೇಕು. "ಬಿದಿರಿಗೆ ಬಾಯಾರಿಕೆ ಜಾಸ್ತಿ ಕಣ್ರೋ. ಕುಡಿಸಿದ್ರೆ ಊದತ್ತೆ, ಒಣಗಿದ್ರೆ ಕುಗ್ಗತ್ತೆ" ಎಂದು ನಮ್ಮಿಬ್ಬರಿಗೂ ಮಗ್ಗಿಯ ಹಾಗೆ ಹೇಳಿಕೊಟ್ಟಿದ್ದರು. ನಾನು ಕೊಯ್ದ ತುಂಡಿನಲ್ಲಿ ಐದು ಸೀಳುಗಳಿದ್ದವು. ಡಾಂಬರಿನ ಪದರ ಕಾಂಕ್ರೀಟಿಗೆ ಅಂಟಿಕೊಂಡು ಹಾಗೇ ಉಳಿದಿತ್ತು. ಬಿದಿರು ಮಾತ್ರ ಒಳಕ್ಕೆ ಕುಗ್ಗಿ, ಕಾಯಿಲೆ ಬಿದ್ದವರ ಬೆರಳಿನಲ್ಲಿ ಉಂಗುರ ತಿರುಗುವ ಹಾಗೆ ಸಡಿಲವಾಗಿತ್ತು. ಸಂದಿನೊಳಗೆ ನನ್ನ ಗುರುತಿನ ಚೀಟಿ ಸಲೀಸಾಗಿ ತೂರಿತು. ಎರಡು ಸೀಳು ಒಳಗೇ ಪುಡಿಯಾಗಿದ್ದವು, ಊದಿದರೆ ಹಾರಿತು. ಕಾಂಕ್ರೀಟನ್ನು ಹಿಡಿದುಕೊಳ್ಳಬೇಕಾದದ್ದು ಎಷ್ಟೋ ವರ್ಷದ ಹಿಂದೆಯೇ ಕೈಬಿಟ್ಟಿತ್ತು. ಮುಖ್ಯಸ್ಥರು ಕನ್ನಡಕ ಏರಿಸಿ ನೋಡಿ, "ಇದು ಎಳೇ ಬಿದಿರು. ಕಡಿದು ವಾರಾನೂ ಆಗಿರಲಿಲ್ಲ ಹಾಕುವಾಗ. ಹಸಿ ಮೇಲೆ ಡಾಂಬರು ಬಳಿದು ನೀರನ್ನ ಒಳಗೇ ಕೂಡಿಹಾಕಿದಾರೆ" ಎಂದರು. ನಾನು ಒಂದೊಂದೇ ಸೀಳಿನ ತುದಿಯನ್ನು ತಿರುಗಿಸಿ ನೋಡಿದೆ. ನೀನು ಒಣಗಿಸಿದ ಬಿದಿರಿನ ತುದಿಗೆ ಎರಡು ಕಚ್ಚು ಹಾಕುತ್ತಿದ್ದೆಯಲ್ಲ, ಒಣಗಿದೆ ಎಂಬ ಗುರುತಿಗೆ. ಒಂದರಲ್ಲೂ ಕಚ್ಚು ಇರಲಿಲ್ಲ. ಉಳಿದ ತುಂಡುಗಳನ್ನೂ ಒಡೆದೆ. ಹನ್ನೊಂದು ತುದಿ ಸಿಕ್ಕಿದವು, ಒಂದರಲ್ಲೂ ಇರಲಿಲ್ಲ.

ಸೀಳಿನ ಒಂದು ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಸಂಜೆ ಮನೆಗೆ ತಂದೆ. ಅಪ್ಪ ಕಿಟಕಿಯ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದರು. ಅವರ ಮುಂದೆ ಬಿಚ್ಚಿಟ್ಟೆ. ಅವರು ಅದನ್ನು ಎತ್ತಿ ಉಗುರಿನಿಂದ ತಟ್ಟಿದರು, ಮೂಗಿನ ಹತ್ತಿರ ಹಿಡಿದರು, ಮತ್ತೆ ಕಾಗದದ ಮೇಲಿಟ್ಟರು. ಮತ್ತೆ ಬಟಾಣಿಗೆ ಕೈ ಹಾಕಿ ಎರಡೋ ಮೂರೋ ಸುಲಿದರು. ನಾನು ಕೂಗಾಡಬೇಕೆಂದು ಬಂದವಳಲ್ಲ, ಕೂಗಾಡಲು ನನ್ನಲ್ಲಿ ಏನೂ ಇರಲಿಲ್ಲ. "ಇದರಲ್ಲಿ ಕಚ್ಚು ಇಲ್ಲ ಅಪ್ಪ" ಎಂದೆ. "ಇರಲ್ಲ" ಎಂದರು. ಆಮೇಲೆ ಅವರು ಹೇಳಿದ್ದನ್ನು ಅವರ ಬಾಯಲ್ಲೇ ಬರೆಯುತ್ತೇನೆ, ಒಂದು ಮಾತೂ ಕೂಡಿಸಿಲ್ಲ. "ಅವನು ಒಣಗಿಸಿಟ್ಟಿದ್ದು ಇದಲ್ಲ. ಅವನು ನಿಮ್ಮಮ್ಮನ್ನ ಕಣ್ಣಿನ ಆಪರೇಷನ್‌ಗೆ ಕರಕೊಂಡು ಹೋಗಿದ್ನಲ್ಲ, ನಾಲ್ಕು ದಿನ. ಆಗ ಸೂಲಗಿತ್ತಿ ಮನೆ ಹೆರಿಗೆ ಕೋಣೆ ಚಾವಣಿ ಕುಸಿದಿತ್ತು. ಇಬ್ರು ತುಂಬಿದ ಬಸುರೀರು ಅಲ್ಲೇ ಇದ್ರು. ಹುಟ್ಟೋ ಮಕ್ಕಳ ತಲೆ ಮೇಲೆ ಹಸಿ ಬಿದಿರು ಹಾಕಕ್ಕಾಗತ್ತಾ? ಅವನು ಒಣಗಿಸಿದ್ದೆಲ್ಲಾ ಎತ್ತಿ ಅಲ್ಲಿಗೆ ಹಾಕ್ಬಿಟ್ಟೆ. ಇಲ್ಲಿಗೆ ಹೊಸದು ಕಡಿದು ತಂದು, ಸೀಳಿ, ಗೊತ್ತಾಗದ ಹಾಗೆ ಡಾಂಬರು ಬಳಿದಿಟ್ಟೆ. ಅವನು ಬಂದ. ಅಪ್ಪಾ ನೀನೇ ಬಳಿದ್ಬಿಟ್ಯಾ ಅಂತ ಖುಷಿಯಾಗಿ ಕೇಳ್ದ. ಹೂಂ ಅಂದೆ. ಅವನು ಹೆಣೆದು ಹಾಕ್ದ. ನಮ್ಮನೇದು ತಾನೆ, ಎರಡು ವರ್ಷ ಬಿಟ್ಟು ನಾನೇ ಒಡೆದು ಬೇರೆ ಹಾಕೋಣ ಅಂದ್ಕೊಂಡಿದ್ದೆ." ಎರಡು ವರ್ಷ ಹೋಗಿ ಹನ್ನೊಂದು ವರ್ಷ ಆಗಿತ್ತು. ಅದನ್ನು ನಾನು ಹೇಳಬೇಕಾಗಿರಲಿಲ್ಲ.

ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅಮ್ಮ ಅಪ್ಪನನ್ನು ಛೇಡಿಸುತ್ತಿದ್ದಳು, ನೆನಪಿದೆಯಾ? ನಮ್ಮ ಮನೆಯ ಬಾಗಿಲು ಕಿರುಗುಟ್ಟಿದರೆ ಅಪ್ಪ ಪಕ್ಕದ ಮನೆಯ ಬಾಗಿಲಿಗೆ ಎಣ್ಣೆ ಬಿಟ್ಟು ಬರುತ್ತಾರೆ ಎನ್ನುತ್ತಿದ್ದಳು. ಅಪ್ಪ ನಗುತ್ತಿದ್ದರು. ಈಗ ಯೋಚಿಸಿದರೆ ಆ ನಗುವಿನಲ್ಲಿ ಒಂದಿಷ್ಟು ಜಂಬವೂ ಇತ್ತು. ನಾನು ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿದೆ: ಆ ದಿನ ಅಂಗಳದಲ್ಲಿ ಏಕೆ ಹಾಗೆಂದಿರಿ? ಅವರು ಬಟಾಣಿ ಸಿಪ್ಪೆಯನ್ನು ಒಂದು ಕಡೆ ಗುಡಿಸಿದರು. "ಸುಳ್ಳು ಹೇಳ್ಲಿಲ್ಲ ಅಂತ ಅಂದ್ಕೊಂಡೆ" ಎಂದರು. ಅದು ನಿಜ. ಕಟ್ಟಿದ್ದು ನೀನೇ. ಸುಳ್ಳಲ್ಲದ ಒಂದು ಮಾತು ಹೇಳಿ ಏಳು ತಿಂಗಳು ಅದರ ಹಿಂದೆ ಅಡಗಿ ಕೂತಿದ್ದರು. ನಾನು ಬಟಾಣಿ ಬುಟ್ಟಿ ಎತ್ತಿಕೊಂಡು ಹೋಗಿ ಬೇಯಿಸಿದೆ. ಇಬ್ಬರೂ ಉಂಡೆವು. ಉಪ್ಪು ಆ ದಿನ ಸರಿಯಾಗಿತ್ತು.

ಮರುದಿನ ಅರ್ಧ ದಿನ ರಜೆ ಹಾಕಿ ಸೂಲಗಿತ್ತಿ ಅಜ್ಜಿಯ ಮನೆಗೆ ಹೋದೆ. ಅಜ್ಜಿಗೆ ಈಗ ಕಿವಿ ಕೇಳುವುದು ಕಡಿಮೆ, ಮಾತು ಮಾತ್ರ ಒಂದೂ ಕಡಿಮೆಯಾಗಿಲ್ಲ. ನನ್ನನ್ನು ನೋಡಿದ ತಕ್ಷಣ ಹೊಟ್ಟೆಯ ಕಡೆ ನೋಡಿ "ಎಷ್ಟನೇ ತಿಂಗಳು?" ಎಂದಳು. ನಲವತ್ತು ದಾಟಿದ ಒಂಟಿ ಹೆಂಗಸು ನಾನು, ಚಾವಣಿ ನೋಡಲು ಬಂದೆ ಅಜ್ಜಿ ಎಂದು ಕಿವಿಯ ಹತ್ತಿರ ಕೂಗಿದೆ. ಅವಳು ಇದ್ಯಾವ ಹೊಸ ರೋಗ ಎನ್ನುವ ಹಾಗೆ ನೋಡಿ ಒಳಗೆ ಬಿಟ್ಟಳು. ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಒಂದು ಬಕೆಟ್ಟು, ಗೋಡೆಗೆ ಒಂದು ಗಡಿಯಾರ. ಚಿಕ್ಕ ಸುತ್ತಿಗೆಯಿಂದ ಚಾವಣಿಯನ್ನು ಒಂದೊಂದು ಗೇಣಿಗೂ ತಟ್ಟಿದೆ. ಎಲ್ಲ ಕಡೆ ಒಂದೇ ಸದ್ದು, ಗಟ್ಟಿ ಸದ್ದು. ಹಿಂಬದಿಯಲ್ಲಿ, ಗೋಡೆಯಿಂದಾಚೆಗೆ ಚಾಚಿದ ಅಂಚಿನಲ್ಲಿ, ಗಾರೆ ಉದುರಿದ ಕಡೆ ಮೂರು ಸೀಳಿನ ತುದಿ ಕಾಣುತ್ತಿದ್ದವು. ಮೂರರಲ್ಲೂ ಎರಡೆರಡು ಕಚ್ಚು. ಒಳಗೆ ಬಂದು ಮಂಚದ ಮೇಲೆ ಅಂಗಾತ ಮಲಗಿದೆ. ಅಜ್ಜಿ ಅಡ್ಡಿ ಮಾಡಲಿಲ್ಲ, ಆ ಮಂಚದ ಮೇಲೆ ಹೆಂಗಸರು ಮಲಗುವುದು ಅವಳಿಗೆ ಹೊಸದಲ್ಲ. ಈ ಹನ್ನೊಂದು ವರ್ಷದಲ್ಲಿ ಇಲ್ಲಿ ಎಷ್ಟು ಮಕ್ಕಳು ಹುಟ್ಟಿದವು ಅಜ್ಜಿ ಎಂದು ಕೇಳಿದೆ. "ನಕ್ಷತ್ರ ಎಣಿಸ್ತಾರೇನೇ ಹುಚ್ಚಿ" ಎಂದಳು. ಒಂದು ಗಂಟೆ ಹಾಗೇ ಮಲಗಿ ಮೇಲೆ ನೋಡಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ. ಅಳು ಬರಬಹುದು ಎಂದು ಕಾದೆ, ಬರಲಿಲ್ಲ. ಅಜ್ಜಿ ನನ್ನ ಪಾದದ ಮೇಲೆ ಕಂಬಳಿ ಎಳೆದು ಹೋದಳು. ಅದು ಮಾತ್ರ ಗೊತ್ತಾಯಿತು.

ನಾನು ಬರುವಷ್ಟರಲ್ಲಿ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದರು. ಕಟ್ಟಡ ಕಚೇರಿಗೆ ಹೋಗಬೇಕು ಎಂದರು. ಹೋದೆವು. ಉದ್ದ ಬೆಂಚಿನ ಮೇಲೆ ಎರಡು ಗಂಟೆ ಕೂತೆವು. ನಮ್ಮ ಸರದಿ ಬಂದಾಗ ಗುಮಾಸ್ತೆ "ಹೇಳಿಕೆ ಬದಲಾಯಿಸೋಕೆ ಬೇರೆ ಫಾರಂ ಇಲ್ಲ, ಬಿಳಿ ಹಾಳೇಲಿ ಬರ್ಕೊಡಿ" ಎಂದಳು. ಅಪ್ಪ ಹಾಳೆಯನ್ನು ನನ್ನ ಕಡೆ ತಳ್ಳಿದರು, ನಾನು ಬರೆದೆ. ಬಿದಿರು ಬದಲಾಯಿಸಿದವನು ನಾನು, ಮಗನಿಗೆ ತಿಳಿಸಲಿಲ್ಲ, ಅವನ ಕೆಲಸದಲ್ಲಿ ತಪ್ಪಿಲ್ಲ. ಮೂರೇ ಸಾಲು. ಓದಿ ಹೇಳಿದೆ. "ಕೇಳಿದಾಗ ಹೇಳಲಿಲ್ಲ ಅಂತಲೂ ಸೇರಿಸು" ಎಂದರು. ಸೇರಿಸಿದೆ. ಅವರು ಸಹಿ ಹಾಕಿದರು. ಮುಂದೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಗುಮಾಸ್ತೆ ನಮ್ಮಿಬ್ಬರ ಮುಖ ನೋಡಿ, ದನಿ ತಗ್ಗಿಸಿ, "ಕರೀತಾರೆ ತಾತ, ಆವರೆಗೂ ಮನೇಲಿರಿ" ಎಂದಳು. ಇನ್ನೂ ಕರೆದಿಲ್ಲ.

ಆದರೆ ಅಪ್ಪ ಮನೆಯಲ್ಲಿ ಕೂರಲಿಲ್ಲ. ಅವರು ಬಿದಿರು ಹಾಕಿ ಕಟ್ಟಿದ ಚಾವಣಿಗಳು ಇಪ್ಪತ್ತಮೂರು, ಒಂದೊಂದರ ಉದ್ದ ಅಗಲವೂ ಬಾಯಲ್ಲೇ ಇದೆ. ಅವಸರಕ್ಕೆ ಹಸಿ ಬಿದಿರು ಸೇರಿಸಿದ್ದು ಇನ್ನೂ ಎರಡು ಮನೆಯಲ್ಲಿ ಎಂದು ದಾರಿಯಲ್ಲಿ ಹೇಳಿದರು. ದಿನಾ ಸಂಜೆ ಕೆಲಸ ಮುಗಿಸಿ ಬಂದಮೇಲೆ ನಾನು ಸುತ್ತಿಗೆ ಹಿಡಿದು, ಅವರು ಏಣಿ ಹೊತ್ತು, ಮನೆ ಮನೆಗೂ ಹೋದೆವು. ಎಪ್ಪತ್ತೆರಡು ವರ್ಷದವರು ಏಣಿ ನನಗೆ ಕೊಡಲೇ ಇಲ್ಲ. ಬಾಗಿಲಲ್ಲಿ ನಿಂತು ಎಲ್ಲ ಕಡೆ ಒಂದೇ ಮಾತು: "ನಾನು ಕಟ್ಟಿದ ಚಾವಣಿ ಬಿದ್ದು ನನ್ನ ಹೆಂಡತಿ ಹೋದ್ಲು. ನಿಮ್ಮದನ್ನ ಒಂದ್ಸಲ ನೋಡ್ಬೇಕು." ಕೆಲವರು ಕೂರಿಸಿ ನೀರು ಕೊಟ್ಟರು. ಟೈರಿನ ಅಂಗಡಿಯವನು, ನೀನು ಅವನಿಗೆ ಸೈಕಲ್ ಕಲಿಸಿದ್ದೆ, ಅಂಗಳಕ್ಕೇ ಬಿಡಲಿಲ್ಲ. "ಇಪ್ಪತ್ತು ವರ್ಷ ನಿಮ್ಮನ್ನ ನಂಬ್ಕೊಂಡು ಇದರ ಕೆಳಗೆ ಮಲಗಿದೀನಿ ಮೇಸ್ತ್ರಿ. ಇವತ್ತು ಬಂದು ನಂಬಬೇಡ ಅಂತೀರಾ? ಎಲ್ಲಿಗೆ ಹೋಗ್ಲಿ ಈಗ?" ಎಂದು ಕೂಗಿದ. ಅಪ್ಪ ತಲೆ ತಗ್ಗಿಸಿ ಏಣಿ ಹಿಡಿದುಕೊಂಡು ನಿಂತೇ ಇದ್ದರು. ಬೈಗುಳ ಮುಗಿದಮೇಲೆ "ಆಯ್ತಾ? ಈಗ ನೋಡ್ಲಾ?" ಎಂದರು. ನೋಡಿದೆವು. ನಡುಮನೆಯ ಮಧ್ಯೆ ಖಾಲಿ ಡಬ್ಬ ತಟ್ಟಿದ ಹಾಗೆ ಸದ್ದು ಬಂತು. ಅವನೂ ಕೇಳಿಸಿಕೊಂಡ. ಹೆಂಡತಿ ಮಕ್ಕಳನ್ನು ಆಗಲೇ ಹೊರಗೆ ಕಳಿಸಿ, ಅಪ್ಪನ ಜೊತೆ ತಾನೇ ಸೇರಿಕೊಂಡು ಕಂಬ ಊರಿದ. ಕೊನೆಗೆ ಅಪ್ಪನಿಗೆ ಕುಡಿಯಲು ಚಹಾ ಕೊಟ್ಟ, ಮಾತು ಮಾತ್ರ ಕೊಡಲಿಲ್ಲ. ಅಂಥ ಸದ್ದು ಒಟ್ಟು ನಾಲ್ಕು ಮನೆಯಲ್ಲಿ ಬಂತು. ಅಪ್ಪ ಹೇಳಿದ ಎರಡು, ಹೇಳದ ಎರಡು. ಬಲಿತ ಬಿದಿರೂ ಎಲ್ಲ ಕಡೆ ಉಳಿಯುವುದಿಲ್ಲ, ನೀರು ಸೋರಿದ ಕಡೆ ಅದೂ ಕೈಬಿಡುತ್ತದೆ. ಮೂರು ಮನೆಯವರು ಕಂಬ ಕೊಟ್ಟು ಬೇರೆ ಕೋಣೆಗೆ ಹೋಗಿದ್ದಾರೆ. ಒಬ್ಬ ಮುದುಕಿ ಮಾತ್ರ, ಬಿದ್ದರೆ ಬೀಳಲಿ, ನನಗೂ ಎಂಬತ್ತಾಯಿತು ಎಂದು ಬಾಗಿಲು ಹಾಕಿಕೊಂಡಳು. ಅಪ್ಪ ದಿನಾ ಬೆಳಗ್ಗೆ ಹೋಗಿ ಅವಳ ಬಾಗಿಲು ತಟ್ಟುತ್ತಾರೆ. ನಿನ್ನೆ ಬೈಯುವುದಕ್ಕೆಂದು ಬಾಗಿಲು ತೆರೆದಳಂತೆ. ಅದೂ ಒಂದು ಹೆಜ್ಜೆ ಎನ್ನುತ್ತಾರೆ.

ಈ ಮುಂದಿನ ಕೋಣೆಯ ಚಾವಣಿಯನ್ನೂ ತಟ್ಟಿದ್ದೇವೆ, ಗಟ್ಟಿಯಾಗಿದೆ. ನಿನಗೆ ಬರೆಯುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ನಿಮ್ಮ ಕೈಯಲ್ಲೇ ಎರಡು ಸಾಲು ಬರೆಯಿರಿ ಎಂದು ಪೆನ್ನು ಕೊಟ್ಟೆ. ಪೆನ್ನು ಹಿಡಿದುಕೊಂಡು ಕೂತರು, ಹಿಂದಕ್ಕೆ ಕೊಟ್ಟರು. "ಎಲ್ಲಾ ಬರಿ. ಏನೂ ಬಿಡಬೇಡ. ಬಾ ಅಂತ ಮಾತ್ರ ನನ್ನ ಹೆಸರಲ್ಲಿ ಬರೀಬೇಡ, ಆ ಹಕ್ಕು ನನಗಿಲ್ಲ" ಎಂದರು. ಆದ್ದರಿಂದ ಅವರ ಹೆಸರಿನಲ್ಲಿ ಬರೆಯುತ್ತಿಲ್ಲ. ಅವರನ್ನು ಕ್ಷಮಿಸು ಎಂದೂ ನಾನು ಕೇಳುವುದಿಲ್ಲ. ನಾನು ಕ್ಷಮಿಸಿದ್ದೇನೋ ಇಲ್ಲವೋ ನನಗೇ ತಿಳಿಯದು, ಒಂದೇ ಪಾತ್ರೆಯಲ್ಲಿ ಉಣ್ಣುತ್ತಿದ್ದೇವೆ ಎನ್ನುವುದು ಮಾತ್ರ ಗೊತ್ತು. ನಿನ್ನ ಕೈಯಲ್ಲಿ ತಪ್ಪಿರಲಿಲ್ಲ. ಈ ಒಂದು ಸಾಲನ್ನು ಡಿಪೋದ ಶೆಡ್ಡಿನಲ್ಲಿ ಕೂತು ಎರಡು ಮೂರು ಸಲ ಓದು. ನಿನ್ನ ಕೈ ಕಟ್ಟಿದ ಚಾವಣಿಗೆ ಬೇಕಾದದ್ದನ್ನೆಲ್ಲ ನೀನು ಮಾಡಿದ್ದೆ. ನೀನು ಒಣಗಿಸಿದ ಬಿದಿರಿನ ಕೆಳಗೆ ಹೋದ ಗುರುವಾರವೂ ಒಂದು ಹೆಣ್ಣುಮಗು ಹುಟ್ಟಿತು. ಅಜ್ಜಿ ಹೇಳಿಕಳಿಸಿದ್ದಳು.

ಲಾರಿಯವನು ನಾಲ್ಕು ಗಂಟೆಗೆ ಹೊರಡುತ್ತಾನೆ, ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಜೊತೆಗೆ ನಿನ್ನ ಉಣ್ಣೆಯ ಮೇಲಂಗಿ ಕಟ್ಟಿಟ್ಟಿದ್ದೇನೆ, ಗುಂಡಿ ಹೊಲಿದಿದ್ದೇನೆ. ಮಂಡಿಗೆ ಹಚ್ಚುವ ಎಣ್ಣೆಯೂ ಇದೆ. ಹಚ್ಚಿಕೋ, ಯಾರಿಗೂ ದಾನ ಮಾಡಬೇಡ, ನೀನೂ ಅಪ್ಪನ ಮಗನೇ. ನೂರು ವರ್ಷ ಬಾಳು, ತಣ್ಣಗಿರು.

ನಿನ್ನ ಅಕ್ಕ

ಮ.ಸೂ.: ಲಕೋಟೆ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಲಾರಿಯವನು ಬೀದಿಯ ತುದಿಯಲ್ಲಿ ಹಾರ್ನ್ ಮಾಡುತ್ತಿದ್ದಾನೆ. ಅಡುಗೆಮನೆಯ ಚಾವಣಿ ಬೀಳುವುದಕ್ಕೆ ಮೂರು ವಾರದ ಮುಂಚೆ, ಬೆಳಗ್ಗೆ ನಾನು ಕೆಲಸಕ್ಕೆ ಹೊರಟಾಗ, ಅಮ್ಮ ನನ್ನನ್ನು ಒಲೆಯ ಹತ್ತಿರ ಕರೆದು ಮೇಲೆ ತೋರಿಸಿದಳು. ಒಂದು ಬಿರುಕು, ಮೊಳದುದ್ದ, ಅಂಚಿನಲ್ಲಿ ಕಂದು ಬಣ್ಣ. "ನೀನು ಇದೇ ಕೆಲಸ ಮಾಡೋಳು, ಸ್ವಲ್ಪ ನೋಡೇ" ಎಂದಳು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಚೀಲ ಹೆಗಲ ಮೇಲಿಂದ ಇಳಿಸಲೂ ಇಲ್ಲ. "ಎಲ್ಲಾ ಚಾವಣಿಲೂ ಇರತ್ತಮ್ಮ, ಏನಾಗಲ್ಲ" ಎಂದೆ. ಅವಳು ಸರಿ ಎಂದು ಮತ್ತೆ ಒಲೆಯ ಕಡೆ ತಿರುಗಿದಳು. ನಾನು ಹೇಳಿದೆನೆಂದು ಅದನ್ನು ಇನ್ಯಾರಿಗೂ ತೋರಿಸಲಿಲ್ಲ. ಅಪ್ಪನಿಗೆ ಇದು ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಕಡ್ಡಿ, ನೀನು ಬಾ. ಆದರೆ ಇದನ್ನು ತಿಳಿದುಕೊಂಡೇ ಬಾ.